ಒಂದೇ ಡಬ್ಬದಲ್ಲಿ ಎರಡು ಜಾತಿಯ ಜಿರಳೆ: ಸಾಕಿ ನೋಡಿದವರ ಅನುಭವ

ಪ್ರಶ್ನೆ: ನಾನು ಸಾಕಿರುವ ಬಿಯರ್ಡೆಡ್ ಡ್ರ್ಯಾಗನ್ ಎಂಬ ಹಲ್ಲಿಗೆ ಆಹಾರಕ್ಕೆಂದು ಡ್ಯೂಬಿಯಾ ಜಿರಳೆಗಳನ್ನು ಸಾಕುತ್ತಿದ್ದೇನೆ. ಸ್ನೇಹಿತರೊಬ್ಬರು ಲಾಬ್‌ಸ್ಟರ್ ಜಿರಳೆಗಳನ್ನೂ ಕೊಡುವುದಾಗಿ ಹೇಳಿದ್ದಾರೆ. ಎರಡಕ್ಕೂ ಬೇಕಾದ ಶಾಖ ಮತ್ತು ತಿನಿಸು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಒಟ್ಟಿಗೇ ಬಿಡಬಹುದೇ? ಬಿಟ್ಟು ನೋಡಿದವರು ದಯವಿಟ್ಟು ತಿಳಿಸಿ.

ಉತ್ತರ 1: ಇದೇ ಎರಡು ಜಾತಿಗಳನ್ನು ನಾನು ಒಟ್ಟಿಗೆ ಬಿಟ್ಟಿದ್ದೆ, ಬಿಡಬೇಡಿ ಎನ್ನುವುದೇ ನನ್ನ ಸಲಹೆ. ಅವು ಕಚ್ಚಾಡುವುದಿಲ್ಲ. ಮೊದಲ ಕೆಲವು ತಿಂಗಳು ಮೊಟ್ಟೆಯ ಟ್ರೇಗಳ ಒಂದೇ ಗುಳಿಯಲ್ಲಿ ಅಕ್ಕಪಕ್ಕ ಕುಳಿತಿರುತ್ತಿದ್ದವು, ನಾನೂ ನಿಶ್ಚಿಂತನಾಗಿದ್ದೆ. ಆದರೆ ಎರಡೂ ಮರಿ ಹಾಕುವ ಜಾತಿಗಳೇ ಆದರೂ ಬೆಳೆಯುವ ವೇಗ ಒಂದೇ ಅಲ್ಲ: ಸುಮಾರು 30 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಲಾಬ್‌ಸ್ಟರ್ ಮರಿ ಎರಡು ಮೂರು ತಿಂಗಳಲ್ಲಿ ಪ್ರಾಯಕ್ಕೆ ಬಂದರೆ, ಡ್ಯೂಬಿಯಾಕ್ಕೆ ನಾಲ್ಕರಿಂದ ಆರು ತಿಂಗಳು ಬೇಕು. ಕ್ಯಾರೆಟ್ ತುಂಡು ಹಾಕಿದ ಕ್ಷಣವೇ ಲಾಬ್‌ಸ್ಟರ್‌ಗಳು ಮುತ್ತಿಕೊಳ್ಳುತ್ತಿದ್ದವು. ಡ್ಯೂಬಿಯಾ ಮರಿಗಳು ಹೊರಬರುವ ಹೊತ್ತಿಗೆ ಅಲ್ಲಿ ಒಣಗಿದ ನಾರು ಮಾತ್ರ ಉಳಿದಿರುತ್ತಿತ್ತು. ಒಂದು ವರ್ಷ ಕಳೆಯುವಷ್ಟರಲ್ಲಿ, ನಾನು ಹಣ ಕೊಟ್ಟು ತಂದಿದ್ದ ಡ್ಯೂಬಿಯಾಗಳಲ್ಲಿ ಬೆರಳೆಣಿಕೆಯ ಮುದಿ ಹೆಣ್ಣುಗಳಷ್ಟೇ ಉಳಿದವು.

ಇನ್ನೊಂದು ತೊಡಕು ಗೋಡೆಯದು. ನುಣುಪಾದ ಪ್ಲಾಸ್ಟಿಕ್ಕನ್ನು ಡ್ಯೂಬಿಯಾ ಹತ್ತಲಾರದು, ಲಾಬ್‌ಸ್ಟರ್‌ಗೆ ಗಾಜೂ ಲೆಕ್ಕಕ್ಕಿಲ್ಲ. ಡ್ಯೂಬಿಯಾಕ್ಕೆಂದು ಮಾಡಿದ ಡಬ್ಬದಲ್ಲಿ ಅವನ್ನು ಬಿಟ್ಟರೆ, ಅಂಚಿನ ಒಳಸುತ್ತಿಗೆ ಪೆಟ್ರೋಲಿಯಂ ಜೆಲ್ಲಿಯನ್ನು ನಾಲ್ಕು ಬೆರಳಗಲ ಹಚ್ಚಿ, ಧೂಳು ಕೂತು ಅದು ಒಣಗುವ ಮೊದಲೇ ಮತ್ತೆ ಹಚ್ಚುತ್ತಿರಬೇಕಾಗುತ್ತದೆ. (ಮನೆಯವರಿಗೆ ಜಿರಳೆ ಸಾಕಣೆಯನ್ನು ಒಪ್ಪಿಸುವುದೇ ಕಷ್ಟ; ತಪ್ಪಿಸಿಕೊಂಡ ಜಿರಳೆಯನ್ನು ಒಪ್ಪಿಸಲು ಸಾಧ್ಯವೇ ಇಲ್ಲ.)

ಉತ್ತರ 2: ಮೇಲಿನವರು ಹೇಳಿದ್ದು ಸರಿ. ನಾನು ಡ್ಯೂಬಿಯಾದೊಂದಿಗೆ ಬೆರೆಸಿದ್ದು ರೆಡ್ ರನ್ನರ್ ಎಂದು ಮಾರಾಟವಾಗುವ ತುರ್ಕಿಸ್ತಾನ್ ಜಿರಳೆಯನ್ನು. ಅದು ಗೋಡೆ ಹತ್ತುವುದಿಲ್ಲವೆಂಬ ಧೈರ್ಯವಿತ್ತು. ಆದರೆ ಅದು ಮರಿ ಹಾಕುವುದಿಲ್ಲ, ಮೊಟ್ಟೆಕೋಶವನ್ನು ಉದುರಿಸಿ ಹೋಗುತ್ತದೆ. ಆ ಸಣ್ಣ ಕಂದು ಕೋಶಗಳು ಹಿಕ್ಕೆಯ ನಡುವೆ ಕಣ್ಣಿಗೆ ಬೀಳುವುದೇ ಇಲ್ಲ. ದೊಡ್ಡವನ್ನೆಲ್ಲ ಆರಿಸಿ ತೆಗೆದು ಮುಗಿಯಿತೆಂದುಕೊಂಡಿದ್ದೆ. ಒಂದು ತಿಂಗಳು ದಾಟಿದ ಮೇಲೆ ತಳದಲ್ಲಿ ಮತ್ತೆ ಸಣ್ಣ ಮರಿಗಳ ಓಡಾಟ ಕಂಡಿತು. ಅವಕ್ಕೆ ತೇವವೂ ಡ್ಯೂಬಿಯಾಕ್ಕಿಂತ ಹೆಚ್ಚು ಬೇಕು, ಇಲ್ಲವಾದರೆ ಕೋಶಗಳು ಒಣಗುತ್ತವೆ. ಅವಕ್ಕೆಂದು ನೀರು ಚಿಮುಕಿಸುತ್ತಾ ಹೋದರೆ ಡಬ್ಬದಲ್ಲಿ ಬೂಷ್ಟು ಮತ್ತು ನುಸಿ ಹುಟ್ಟಿಕೊಳ್ಳುತ್ತವೆ.

ಉತ್ತರ 3: ಮಿಶ್ರತಳಿಯ ಭಯ ಕೆಲವರಿಗಿರುತ್ತದೆ. ಡ್ಯೂಬಿಯಾ ಮತ್ತು ಲಾಬ್‌ಸ್ಟರ್ ಬೇರೆ ಬೇರೆ ಕುಲದವಾದ್ದರಿಂದ ಅವು ಬೆರೆತು ಮರಿ ಹುಟ್ಟುವುದಿಲ್ಲ. ಆದರೆ ಡಿಸ್ಕಾಯ್ಡ್‌ನಂತಹ ಬ್ಲಾಬೆರಸ್ ಕುಲದ ಜಿರಳೆಯನ್ನು ಅದೇ ಕುಲದ ಇನ್ನೊಂದು ಜಾತಿಯೊಡನೆ ಇಡಲೇಬಾರದು.

ಈಗಾಗಲೇ ಬೆರೆಸಿಬಿಟ್ಟವರಿಗೆ ಒಂದು ಉಪಾಯವಿದೆ. ಅಂಚಿಗೆ ಜೆಲ್ಲಿ ಹಚ್ಚಿದ ಒಣ ಗಾಜಿನ ಜಾಡಿಗೆ ಒಂದು ಹಿಡಿಯಷ್ಟನ್ನು ಮಾತ್ರ ಸುರಿದು, ಟ್ರೇಯ ತುಂಡನ್ನೂ ಇಡದೆ ಸ್ವಲ್ಪ ಹೊತ್ತು ಬಿಡಿ. ಗಾಜಿಗೆ ಅಂಟಿಕೊಂಡು ಮೇಲೇರುವವು ಲಾಬ್‌ಸ್ಟರ್. ತಳದಲ್ಲಿ ಸುತ್ತುತ್ತಲೇ ಇರುವವನ್ನು ಕಣ್ಣಿಂದ ಇನ್ನೊಮ್ಮೆ ನೋಡಿ ಡ್ಯೂಬಿಯಾದ ಡಬ್ಬಕ್ಕೆ ಹಾಕಿ. ಹೆಚ್ಚು ಸುರಿದರೆ ಒಂದರ ಬೆನ್ನ ಮೇಲೊಂದು ಹತ್ತಿ ಲೆಕ್ಕ ತಪ್ಪುತ್ತದೆ. ನನ್ನ ಡಬ್ಬ ಪೂರ್ತಿ ಬೇರೆಯಾಗಲು ನಾಲ್ಕು ಭಾನುವಾರ ಹಿಡಿಯಿತು.