ಕಡಲಂಚಿನ ಜೀವಿಗಳ ಜೆನೆಟಿಕ್ಸ್: ಕೇಳಿ, ಪ್ರೊಫೆಸರ್ ಮೇಡಂ ಉತ್ತರಿಸುತ್ತಾರೆ

ಅಡ್ಮಿನ್: ಚಿಪ್ಪುಜೀವಿ, ಏಡಿ, ಬಾರ್ನಕಲ್‌ಗಳ (ಬಂಡೆಗೆ ಅಂಟಿ ಬದುಕುವ ಪುಟ್ಟ ಜೀವಿಗಳು) ಪಾಪ್ಯುಲೇಶನ್ ಜೆನೆಟಿಕ್ಸ್‌ನಲ್ಲಿ (ಜಾಗಜಾಗದ ಜೀವಿಗುಂಪುಗಳ ಜೀನ್ ಅಧ್ಯಯನ) ಪಿಎಚ್‌ಡಿ ಮಾಡುತ್ತಿರುವವರು ಕೇಳಬಹುದು. ಮೇಲಿನ ಉತ್ತರಗಳನ್ನು ಓದಿ ಆಮೇಲೆ ಕೇಳಿ.

ಶಂಖದಹುಳು: ನಮಸ್ತೆ ಮೇಡಂ. ಒಂದು ಜಾಗದಿಂದ ಎಷ್ಟು ಸ್ಯಾಂಪಲ್ ಬೇಕು?

ಮೇಡಂ: ನಮಸ್ತೆ. ಮೈಕ್ರೋಸ್ಯಾಟಲೈಟ್ (ಡಿಎನ್‌ಎಯಲ್ಲಿ ಚಿಕ್ಕ ತುಣುಕು ಮತ್ತೆ ಮತ್ತೆ ಬರುವ ಜಾಗ) ಆದರೆ 25ರಿಂದ 30. ಸಾವಿರಾರು ಎಸ್‌ಎನ್‌ಪಿ (ಡಿಎನ್‌ಎಯಲ್ಲಿ ಒಂದೇ ಅಕ್ಷರದ ವ್ಯತ್ಯಾಸ) ಸಿಗುವ ಹಾಗಿದ್ದರೆ ಕಡಿಮೆಯೂ ನಡೆಯುತ್ತದೆ. ಎಲ್ಲವನ್ನೂ ಒಂದೇ ಬಂಡೆಯಿಂದ ಕೀಳಬೇಡಿ.

ನೀಲಿಚಿಪ್ಪು: ಮೇಡಂ, ಮೈಟಿಲಸ್ ಮಸ್ಸೆಲ್‌ಗಳ (ಎರಡು ಚಿಪ್ಪಿನ ಜೀವಿ) ಸಿಒಐ, ಅಂದರೆ ಮೈಟೋಕಾಂಡ್ರಿಯಾದ ಒಂದು ಜೀನ್, ಸೀಕ್ವೆನ್ಸ್ ಮಾಡಿಸಿದೆ. ಒಂದೇ ಬಂಡೆಯವು ಎರಡು ಗುಂಪಾಗಿವೆ, ನಡುವೆ 20%ಗಿಂತ ಜಾಸ್ತಿ ವ್ಯತ್ಯಾಸ. ನೋಡಲು ಎಲ್ಲ ಒಂದೇ ಥರ. ಕೆಲವದರಲ್ಲಿ ಸೀಕ್ವೆನ್ಸ್ ಗ್ರಾಫ್‌ನ ಒಂದೇ ಜಾಗಕ್ಕೆ ಎರಡೆರಡು ಪೀಕ್. ಗೈಡ್ ‘ಹೊಸ ಪ್ರಭೇದ, ಬರೆದುಬಿಡು’ ಅನ್ನುತ್ತಿದ್ದಾರೆ.

ಮೇಡಂ: ಬರೆಯಬೇಡಿ. ತುಂಡು ಎಲ್ಲಿಂದ ಕತ್ತರಿಸಿದಿರಿ?

ನೀಲಿಚಿಪ್ಪು: ಮ್ಯಾಂಟಲ್‌ನಿಂದ, ಚಿಪ್ಪಿನ ಒಳಗಿನ ಮಾಂಸದ ಪದರದಿಂದ.

ಮೇಡಂ: ಅಂದುಕೊಂಡೆ. ಮೈಟೋಕಾಂಡ್ರಿಯಾ ತಾಯಿಯಿಂದ ಮಾತ್ರ ಬರುತ್ತದೆ ಅಂತ ಓದಿರುತ್ತೀರಿ. ಮಸ್ಸೆಲ್‌ಗಳು ಆ ಪಾಠ ಓದಿಲ್ಲ. ತಾಯಿಯ ಎಫ್ ಸಾಲು ಎಲ್ಲ ಮರಿಗಳಿಗೂ ಹೋಗುತ್ತದೆ. ತಂದೆಯ ಎಂ ಸಾಲು ಗಂಡುಮರಿಗಳಲ್ಲಿ ಉಳಿದು ವೀರ್ಯಾಣುಗಳಲ್ಲಿ ತುಂಬಿಕೊಳ್ಳುತ್ತದೆ. ಎರಡರ ನಡುವಿನ ವ್ಯತ್ಯಾಸ ನೀವು ಹೇಳಿದಷ್ಟೇ ಇರಬಹುದು. ಮೈಟಿಲಸ್‌ನಲ್ಲಿ ಜನನಾಂಗ ಮ್ಯಾಂಟಲ್ ಒಳಕ್ಕೇ ಹರಡಿರುತ್ತದೆ. ಬಲಿತ ಗಂಡಿನ ಮ್ಯಾಂಟಲ್ ಕತ್ತರಿಸಿದರೆ ಎಂ ಬರುತ್ತದೆ, ಇಲ್ಲವೇ ಎರಡೂ ಬೆರೆತು ಜೋಡಿ ಪೀಕ್ ಬರುತ್ತದೆ. ನಿಮ್ಮ ಎರಡು ‘ಪ್ರಭೇದ’ಗಳು ಬಹುಶಃ ಗಂಡ-ಹೆಂಡತಿ!

ಮ್ಯಾಂಟಲ್ ಚೂರನ್ನು ಸ್ಲೈಡ್ ಮೇಲೆ ಒತ್ತಿ ನೋಡಿ, ಮೊಟ್ಟೆಯೋ ವೀರ್ಯಾಣುವೋ ಬರೆದಿಟ್ಟುಕೊಳ್ಳಿ. ಗುಂಪುಗಳು ಲಿಂಗದ ಜೊತೆ ತಾಳೆಯಾದರೆ ಕಥೆ ಮುಗಿಯಿತು. ಆಮೇಲೆ ಪಾದದಿಂದ ತುಂಡು ತೆಗೆದು ಮತ್ತೆ ಮಾಡಿ, ಅಲ್ಲಿ ಎಫ್ ಹೆಚ್ಚಿರುತ್ತದೆ. ಜೊತೆಗೆ ನ್ಯೂಕ್ಲಿಯರ್ ಮಾರ್ಕರ್ (ಕೋಶಕೇಂದ್ರದ ಡಿಎನ್‌ಎಯ ಗುರುತು) ಎಂಇ15/16 ಓಡಿಸಿ. ಮೈಟಿಲಸ್ ಪ್ರಭೇದಗಳಲ್ಲಿ ಅದರ ಉದ್ದ ಎಡ್ಯುಲಿಸ್‌ಗೆ 180, ಟ್ರಾಸುಲಸ್‌ಗೆ 168, ಗ್ಯಾಲೋಪ್ರೊವಿನ್ಸಿಯಾಲಿಸ್‌ಗೆ 126 ಬೇಸ್‌ಪೇರ್. ಒಂದೇ ಮಸ್ಸೆಲ್‌ನಲ್ಲಿ ಎರಡು ಅಳತೆ ಬಂದರೆ ಮಿಶ್ರತಳಿ.

ಏಡಿಕೊಂಡಿ: ಬೇರೆ ಗ್ರೂಪ್‌ನಿಂದ ಬಂತು: ‘ಮೊದಲು ಒಂದು ರಾತ್ರಿ ಫಾರ್ಮಲಿನ್, ಆಮೇಲೆ ಸ್ಪಿರಿಟ್. ಸ್ಯಾಂಪಲ್ ವರ್ಷಗಟ್ಟಲೆ ಕೆಡಲ್ಲ. ಎಲ್ಲರಿಗೂ ಕಳಿಸಿ.’

ಮೇಡಂ: ಕಳಿಸಬೇಡಿ. ಆಕಾರ ಕೆಡಲ್ಲ, ಡಿಎನ್‌ಎ ಹಾಳಾಗುತ್ತದೆ. ಫಾರ್ಮಲಿನ್ ಅದನ್ನು ಪ್ರೋಟೀನಿಗೆ ಬೆಸೆದು ಚೂರುಚೂರು ಮಾಡುತ್ತದೆ. ನೇರವಾಗಿ 95% ಎಥನಾಲ್‌ಗೆ ಹಾಕಿ. ಚಿಪ್ಪು ಒಡೆದು ಹಾಕಿ, ಮುಚ್ಚಿಕೊಂಡ ಚಿಪ್ಪಿನೊಳಗೆ ಎಥನಾಲ್ ಇಳಿಯದೆ ಮಾಂಸ ಕೊಳೆಯುತ್ತದೆ. ಮೈಯ ನೀರು ಬೆರೆತು ತೆಳುವಾಗುವುದರಿಂದ ಮಾರನೆಯ ದಿನ ಎಥನಾಲ್ ಬದಲಿಸಿ. ಯಾರು ಬರೆದದ್ದೆಂದು ಗೊತ್ತಿಲ್ಲದ್ದನ್ನು ಇಲ್ಲಿ ಹಾಕಬೇಡಿ.

ಏಡಿಕೊಂಡಿ: ಸುಮ್ನೆ ಕೇಳಿದೆ ಅಷ್ಟೇ.

ಮರಳಹುಳು: ಸ್ಟ್ರಕ್ಚರ್ ಪ್ರೋಗ್ರಾಂನಲ್ಲಿ ಕೆ (ಗುಂಪುಗಳ ಸಂಖ್ಯೆ) ಎಷ್ಟು ಇಡಬೇಕು?

ಅಲೆಮಾರಿ: ಲಾರ್ವಾ ವಾರಗಟ್ಟಲೆ ತೇಲುತ್ತೆ. ಅಂದಮೇಲೆ ಕರಾವಳಿಯೆಲ್ಲ ಒಂದೇ ಪಾಪ್ಯುಲೇಶನ್. ಇಷ್ಟೊಂದು ಖರ್ಚು ಯಾಕೆ?

ಕಲ್ಲಂಟು: ಬಲಾನಸ್ ಗ್ಲಾಂಡುಲಾ ಬಾರ್ನಕಲ್ ನೋಡಿ. ಅದರ ಲಾರ್ವಾನೂ ವಾರಗಟ್ಟಲೆ ತೇಲುತ್ತೆ. ಆದರೂ ಮಧ್ಯ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಜೀನ್ ಪ್ರಮಾಣ ಥಟ್ಟನೆ ಬದಲಾಗುತ್ತೆ.

ಅಲೆಮಾರಿ: ಒಂದು ಉದಾಹರಣೆ ಹಿಡಿದು ಕುಣಿಯಬೇಡಿ. ನನ್ನ ಎಫ್‌ಎಸ್‌ಟಿ (ಗುಂಪುಗಳ ನಡುವಿನ ಜೆನೆಟಿಕ್ ವ್ಯತ್ಯಾಸದ ಅಳತೆ) 0.004, ಬಹುತೇಕ ಸೊನ್ನೆ.

ಕಲ್ಲಂಟು: ನಲ್ ಅಲೀಲ್ (ಟೆಸ್ಟ್‌ನಲ್ಲಿ ಕಾಣಿಸದೆ ತಪ್ಪಿಸಿಕೊಳ್ಳುವ ಜೀನ್ ರೂಪ) ತೆಗೆದಿರಾ? ಚಿಪ್ಪುಜೀವಿಗಳ ಮೈಕ್ರೋಸ್ಯಾಟಲೈಟ್‌ನಲ್ಲಿ ಅದರದ್ದೇ ಕಾಟ. ಸ್ಕ್ರಿಪ್ಟ್ ಕಾಪಿ ಹೊಡೆದರೆ ಹೀಗೇ.

ಅಲೆಮಾರಿ: ಕಾಪಿ ಹೊಡೆದದ್ದನ್ನು ನೀನು ನೋಡಿದ್ಯಾ?

ಮೇಡಂ: ಸಾಕು. ನೀವಿಬ್ಬರೂ ಒಂದೊಂದೇ ವರ್ಷದ ಸ್ಯಾಂಪಲ್ ಹಿಡಿದು ಜಗಳ ಆಡುತ್ತಿದ್ದೀರಿ ಅನ್ನಿಸುತ್ತದೆ. ಈ ವರ್ಷ ಬಂಡೆಗೆ ಅಂಟಿದ ಮರಿಗಳು ಬೆರಳೆಣಿಕೆಯ ತಾಯಂದಿರವೇ ಆಗಿರಬಹುದು. ಮುಂದಿನ ವರ್ಷ ಚಿತ್ರವೇ ಬೇರೆ. 1982ರಲ್ಲೇ ಜಾನ್ಸನ್ ಮತ್ತು ಬ್ಲ್ಯಾಕ್ ಪಶ್ಚಿಮ ಆಸ್ಟ್ರೇಲಿಯಾದ ಸೈಫೊನೇರಿಯಾದಲ್ಲಿ (ಬಂಡೆಗೆ ಅಂಟಿ ಬದುಕುವ ಚಿಪ್ಪುಜೀವಿ) ಇಂಥ ಕಲಸುಮೇಲೋಗರ ತೋರಿಸಿದ್ದಾರೆ. ಓದಿ.

ಹೊಸಬ: ಗೈಡ್ ಮೊದಲ ಹೆಸರು ತಮ್ಮದೇ ಹಾಕಿಕೊಳ್ಳುತ್ತಾರೆ, ಏನು ಮಾಡಲಿ?

ಕಡಲಕುದುರೆ: ಮೇಡಂ, ಒಂದು ಜಾಗಕ್ಕೆ ಎಷ್ಟು ಸ್ಯಾಂಪಲ್?

ಮೇಡಂ: ಮೇಲಿದೆ.

ಮರಳಹುಳು: ಮೇಡಂ, ಕೆ?

ನೀಲಿಚಿಪ್ಪು: ಮೇಡಂ, ಪಾದ ಇಟ್ಟುಕೊಂಡಿಲ್ಲ. ಮ್ಯಾಂಟಲ್ ಮಾತ್ರ ಇದೆ.

ಮೇಡಂ: ಎಂಇ15/16ಕ್ಕೆ ಅದೇ ಸಾಕು, ನ್ಯೂಕ್ಲಿಯರ್ ಮಾರ್ಕರ್‌ಗೆ ಮೈಯ ಯಾವ ತುಂಡಾದರೂ ಸರಿ. ಗೈಡ್‌ಗೆ ಸ್ಲೈಡ್ ಮತ್ತು ಜೆಲ್ ತೋರಿಸಿ. ನನ್ನ ಹೆಸರು ಹೇಳಬೇಡಿ.