ಜೋಳದ ರೊಟ್ಟಿ ಬಿಟ್ಟು ಓಟ್ಸ್ ತಿಂದರೆ ತೂಕ ಇಳಿಯುತ್ತಾ?

ಪ್ರಶ್ನೆ: ನವನಗರದ ಸೊಸೆ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನನಗೆ 34 ವರ್ಷ, ಎತ್ತರ 155 ಸೆಂ.ಮೀ., ತೂಕ 68 ಕೆಜಿ. ಎರಡನೇ ಹೆರಿಗೆ ಆದ ಮೇಲೆ ಥೈರಾಯ್ಡ್ ಕಡಿಮೆ ಅಂತ ಗುಳಿಗೆ ಶುರುವಾಗಿದೆ. ತೂಕ ಇಳಿಸಬೇಕು ಅಂತ ಬಾಯಿ ಬಿಟ್ಟಿದ್ದೇ ತಡ, ಮನೆ ತುಂಬ ಸಲಹೆ. ನೆಗೆಣ್ಣಿ ರೊಟ್ಟಿ ಬಿಟ್ಟು ಓಟ್ಸ್ ತಿನ್ನು ಅಂತಾಳೆ. ಅತ್ತೆ ಮೆತ್ತನೆ ರೊಟ್ಟಿ ಮೈಗೆ ಹತ್ತುತ್ತದೆ, ಕಡಕ್ ರೊಟ್ಟಿ ತಿನ್ನು ಅಂತಾರೆ. ಮುಂಜಾನೆ ಬಿಸಿನೀರಿಗೆ ಜೇನು, ಲಿಂಬೆ ಹಾಕಿ ಕುಡಿಯುತ್ತಿದ್ದೇನೆ. ಚಹಾಕ್ಕೆ ಸಕ್ಕರೆ ಬದಲು ಬೆಲ್ಲ. ನಮ್ಮ ಓಣಿಯಲ್ಲಿ ಒಬ್ಬರು ಊಟದ ಬದಲು ಕುಡಿಯುವ ಶೇಕ್ ಪುಡಿ ಮಾರುತ್ತಾರೆ, ಮೊದಲ ವಾರದಲ್ಲೇ ಎರಡು ಕೆಜಿ ಗ್ಯಾರಂಟಿ ಅಂತಾರೆ. ಇನ್ನೊಬ್ಬರು ಥೈರಾಯ್ಡ್ ಗುಳಿಗೆ ಒಂದರ ಬದಲು ಎರಡು ನುಂಗಿದರೆ ಬೇಗ ಇಳಿಯುತ್ತೆ ಅಂದರು. ಯಾರ ಮಾತು ಕೇಳಬೇಕು? ರೊಟ್ಟಿ ಇಲ್ಲದಿದ್ದರೆ ನನಗೆ ಊಟ ಆದ ಹಾಗೇ ಅನಿಸಲ್ಲ.

ಉತ್ತರ: ಡಯಟೀಷಿಯನ್ ಅಕ್ಕ, ವಿಜಯಪುರ

ತಂಗಿ, ಎಲ್ಲಕ್ಕಿಂತ ಮೊದಲು ಗುಳಿಗೆ ವಿಷಯ. ಎರಡು ನುಂಗುವ ಯೋಚನೆ ಇವತ್ತೇ ಬಿಟ್ಟುಬಿಡಿ. ಅದು ತೂಕ ಇಳಿಸುವ ಔಷಧವೇ ಅಲ್ಲ. ಜಾಸ್ತಿಯಾದರೆ ಎದೆ ಡವಡವ ಅನ್ನುತ್ತದೆ, ಕೈ ನಡುಗುತ್ತದೆ, ನಿದ್ದೆ ಹೋಗುತ್ತದೆ. ಹಾಗೇ ವರ್ಷಗಟ್ಟಲೆ ನಡೆದರೆ ಮೂಳೆ ಸವೆಯುತ್ತದೆ. ಡೋಸ್ ಬದಲಿಸಬೇಕಾದವರು ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆ) ರಿಪೋರ್ಟ್ ನೋಡಿದ ಡಾಕ್ಟರ್ ಮಾತ್ರ. ಥೈರಾಯ್ಡ್ ಇದ್ದವರಿಗೆ ತೂಕ ಇಳಿಯೋದೇ ಇಲ್ಲ ಅನ್ನುವ ಮಾತನ್ನೂ ನಂಬಬೇಡಿ. ಥೈರಾಯ್ಡ್ ಕಡಿಮೆಯಾಗಿ ಏರುವ ತೂಕ ಸಾಮಾನ್ಯವಾಗಿ 2ರಿಂದ 5 ಕೆಜಿ. ಅದರಲ್ಲೂ ಹೆಚ್ಚಿನ ಪಾಲು ಮೈಯಲ್ಲಿ ನಿಂತ ಉಪ್ಪು, ನೀರು. ಗುಳಿಗೆ ಸರಿಯಾಗಿ ಬಿದ್ದರೆ ನಿಮಗೂ ಎಲ್ಲರ ಹಾಗೇ ಇಳಿಯುತ್ತದೆ. ಆದರೆ ಅದನ್ನು ಬರಿ ಹೊಟ್ಟೆಗೆ, ಬರೀ ನೀರಲ್ಲಿ ನುಂಗಿ. ಚಹಾ, ತಿಂಡಿ ಅರ್ಧದಿಂದ ಒಂದು ತಾಸು ಬಿಟ್ಟು. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆ ಇದ್ದರೆ ನಾಲ್ಕು ತಾಸು ಬಿಟ್ಟು.

ಈಗ ರೊಟ್ಟಿ. ನಮ್ಮ ಕಡೆ ತೂಕದ ಮಾತು ಬಂದರೆ ಮೊದಲು ರೊಟ್ಟಿ ಮೇಲೇ ತಪ್ಪು ಹೊರಿಸುತ್ತಾರೆ. ನನಗೆ ಇದು ಬಹಳ ಬೇಸರದ ಸಂಗತಿ. ಜೋಳ, ಗೋಧಿ, ಅಕ್ಕಿ ಯಾವುದೇ ಆಗಲಿ, 100 ಗ್ರಾಂಗೆ 320ರಿಂದ 360 ಕ್ಯಾಲೊರಿ. ಓಟ್ಸ್‌ನಲ್ಲಿ ಅದಕ್ಕಿಂತ ಕಡಿಮೆ ಅಲ್ಲ, 380ರ ಹತ್ತಿರ! ಜೋಳದಲ್ಲಿ ನಾರು ಚೆನ್ನಾಗಿದೆ, ಹೊಟ್ಟೆ ಬೇಗ ತುಂಬುತ್ತದೆ. ರೊಟ್ಟಿ ಬಡಿಯಲು ಬಿಸಿನೀರು ಸಾಕು, ಹಂಚಿನ ಮೇಲೂ ಒದ್ದೆ ಬಟ್ಟೆ ಸವರುತ್ತೇವೆ, ಎಣ್ಣೆ ಬೇಕಿಲ್ಲ. 50 ಗ್ರಾಂ ಹಿಟ್ಟಿನ ಒಂದು ರೊಟ್ಟಿಗೆ 170 ಕ್ಯಾಲೊರಿ ಅಂತ ಇಟ್ಟುಕೊಳ್ಳಿ. ಅತ್ತೆಯವರ ಕಡಕ್ ರೊಟ್ಟಿಯ ಲೆಕ್ಕವೂ ಅಷ್ಟೇ. ಒಣಗಿದಾಗ ಹೋಗೋದು ನೀರು, ಹಿಟ್ಟು ಅಲ್ಲೇ ಇರುತ್ತದೆ. ಹಗುರ ಅನಿಸಿ ಕೈ ಮೂರನೆಯದಕ್ಕೆ ಹೋಗುತ್ತದೆ, ಅದನ್ನು ನೋಡಿಕೊಳ್ಳಿ.

ನೋಡಬೇಕಾದ್ದು ರೊಟ್ಟಿಯ ಪಕ್ಕ ಏನಿದೆ ಅಂತ. ನನ್ನ ಹತ್ತಿರ ಬರುವವರಿಗೆ ಮನೆಯ ಎಣ್ಣೆ ಮಿಳ್ಳೆ ತನ್ನಿ ಅಂತೀನಿ. ಅದರ ತುಂಬ ನೀರು ಹಾಕಿ, ಮಕ್ಕಳ ಸಿರಪ್ ಬಾಟಲಿ ಜೊತೆ ಬರುವ ಗೆರೆ ಇರುವ ಮುಚ್ಚಳಕ್ಕೆ ಸುರಿಸುತ್ತೇನೆ. ಗುಳೇದಗುಡ್ಡದ ಒಬ್ಬ ತಾಯಿ ಶೇಂಗಾ ಚಟ್ನಿಗೆ ಬರೀ ನಾಲ್ಕು ಹನಿ ಎಣ್ಣೆ ಅಂದಿದ್ದರು. ಅವರ ಮಿಳ್ಳೆಯಿಂದ ಸುರಿದ ನೀರು 15 ಎಂ.ಎಲ್. ಗೆರೆ ದಾಟಿ ಟೇಬಲ್ ಮೇಲೆ ಹರಿಯಿತು. ಆ ತಾಯಿ ಸೆರಗಿನಿಂದ ಒರೆಸುತ್ತಾ, ದಿನಕ್ಕೆ ಎರಡು ಸಲ ಹಾಕ್ಕೋತೀನ್ರಿ ಅಂದರು. 15 ಎಂ.ಎಲ್. ಎಣ್ಣೆ ಅಂದರೆ 120 ಕ್ಯಾಲೊರಿ. ಎರಡು ಸಲಕ್ಕೆ 240, ಚಟ್ನಿ ಮೇಲಿನ ಎಣ್ಣೆಯೇ ಒಂದೂವರೆ ರೊಟ್ಟಿಯ ಹತ್ತಿರ ಬಂತು. ಬದನೆಕಾಯಿ ಎಣ್ಣೆಗಾಯಿ, ಸಂಜೆಯ ಮಿರ್ಚಿ ಭಜಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ನಿಮ್ಮ ಮನೆ ಲೆಕ್ಕ ನೀವೇ ಹಾಕಿ. ನಾಲ್ಕು ಜನಕ್ಕೆ ತಿಂಗಳಿಗೆ 5 ಲೀಟರ್ ಕ್ಯಾನ್ ಖಾಲಿಯಾದರೆ, ತಲೆಗೆ ದಿನಕ್ಕೆ 38 ಗ್ರಾಂ ಎಣ್ಣೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ಊಟಕ್ಕೆ 27 ಗ್ರಾಂ ಹೇಳಿದ್ದಾರೆ. ನಿಮಗೆ ತೂಕ ಇಳಿಯಬೇಕಾದ್ದರಿಂದ ಅದಕ್ಕೂ ಕಡಿಮೆ ಇರಲಿ.

ಜೇನು ಕೊಬ್ಬು ಕರಗಿಸಲ್ಲ. ದೊಡ್ಡ ಚಮಚಕ್ಕೆ 60 ಕ್ಯಾಲೊರಿ ಸೇರಿಸುತ್ತದೆ ಅಷ್ಟೇ. ಮಹಾಲಿಂಗಪುರದ ಬೆಲ್ಲದ ರುಚಿಗೆ ಸಾಟಿಯಿಲ್ಲ, ಆದರೆ ಕ್ಯಾಲೊರಿಯಲ್ಲಿ ಸಕ್ಕರೆಗೂ ಅದಕ್ಕೂ ಹೇಳುವಂಥ ವ್ಯತ್ಯಾಸವಿಲ್ಲ. ಯಾವುದೇ ಹಾಕಿ, ಚಹಾದ ಲೆಕ್ಕ ಕಡಿಮೆ ಮಾಡಿ.

ಶೇಕ್ ಪುಡಿಯ ಎರಡು ಕೆಜಿ ಬಗ್ಗೆ: ಊಟ ಒಮ್ಮೆಲೇ ಕಡಿತವಾದರೆ ದೇಹ ಮೊದಲು ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಬಳಸುತ್ತದೆ. ಅದರ ಒಂದೊಂದು ಗ್ರಾಂ ಜೊತೆ ಸುಮಾರು 3 ಗ್ರಾಂ ನೀರಿರುತ್ತದೆ, ಅದೂ ಹೊರಗೆ ಹೋಗುತ್ತದೆ. ಮುಳ್ಳು ಕೆಳಗಿಳಿಯೋದು ಅದಕ್ಕೆ. ಮತ್ತೆ ಊಟ ಶುರುವಾದರೆ ಅದೇ ನೀರು ವಾಪಸ್. ಒಂದು ಕೆಜಿ ಮೈಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇದೆ. ಒಂದು ವಾರದಲ್ಲಿ ಅಂಥ ಎರಡು ಕೆಜಿ ಕರಗಿಸುವ ಪುಡಿ ಯಾರ ಹತ್ತಿರವೂ ಇಲ್ಲ.

ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಅಳತೆ, 28. ನಮ್ಮ ದೇಶದವರಿಗೆ 23 ದಾಟಿದರೆ ಹೆಚ್ಚು, 25 ದಾಟಿದರೆ ಬೊಜ್ಜು ಅಂತ ಲೆಕ್ಕ. ಹಾಗಂತ ಹೆದರಬೇಡಿ. ಮೊದಲು ಮೂರುವರೆ ಕೆಜಿ ಇಳಿಸುವ ಗುರಿ ಇಟ್ಟುಕೊಳ್ಳಿ, ನಿಧಾನವಾಗಿ. ಟೇಪ್ ಹಿಡಿದು ಸೊಂಟವನ್ನೂ ಅಳೆಯಿರಿ, ಹೆಂಗಸರಿಗೆ 80 ಸೆಂ.ಮೀ. ಒಳಗಿದ್ದರೆ ಒಳ್ಳೆಯದು.

ಉತ್ತರ: ಕೋಟೆ ಕೆರೆ ವಾಕರ್, ಬೆಳಗಾವಿ

ನನಗೆ 61 ವರ್ಷ, ಸಕ್ಕರೆ ಕಾಯಿಲೆ ಇದೆ. ರಾತ್ರಿ ಊಟ ಪೂರ್ತಿ ಬಿಟ್ಟ ಮೇಲೆ ತೂಕ ಇಳಿದಿದೆ. ಏಳರ ಮೇಲೆ ತಿಂದಿದ್ದೆಲ್ಲ ಕೊಬ್ಬಾಗುತ್ತದೆ ಅಂತ ಓದಿದ್ದೆ, ಅದು ನಿಜವೇ. ಆ ತಂಗಿಯೂ ಹಾಗೇ ಮಾಡಲಿ.

ಉತ್ತರ: ಡಯಟೀಷಿಯನ್ ಅಕ್ಕ, ವಿಜಯಪುರ

ಕಾಕಾ, ನಿಮ್ಮ ತೂಕ ಇಳಿದಿದ್ದು ಸಂತೋಷ. ಅದಕ್ಕೆ ಕಾರಣ ಗಡಿಯಾರ ಅಲ್ಲ, ದಿನದಲ್ಲಿ ಒಂದು ಊಟ ಕಡಿಮೆಯಾಗಿದ್ದು. ರಾತ್ರಿ ಬೇಗ ಉಂಡರೆ ಹುಳಿತೇಗು ಕಡಿಮೆ, ನಿದ್ದೆ ಚೆನ್ನ, ಅದು ಒಪ್ಪುತ್ತೇನೆ. ಆದರೆ ಹೊಲದಿಂದ ಒಂಬತ್ತಕ್ಕೆ ಬರುವವರು ಉಪವಾಸ ಮಲಗಬೇಕಿಲ್ಲ.

ನನಗೆ ಚಿಂತೆ ಇರೋದು ನಿಮ್ಮ ಗುಳಿಗೆ ಬಗ್ಗೆ. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಇದ್ದು ರಾತ್ರಿ ಉಣ್ಣದೆ ಮಲಗಿದರೆ, ನಡುರಾತ್ರಿ ಸಕ್ಕರೆ ಪಾತಾಳಕ್ಕೆ ಇಳಿಯಬಹುದು. ಬೆವರು, ನಡುಕ, ಮಾತು ತೊದಲುವುದು, ಎಚ್ಚರ ತಪ್ಪುವುದು ಎಲ್ಲ ಆಗುತ್ತದೆ. ಗುಳಿಗೆ ಚೀಟಿ ತಗೊಂಡು ಈ ವಾರವೇ ನಿಮ್ಮ ಡಾಕ್ಟರ ಹತ್ತಿರ ಹೋಗಿ, ಊಟ ಬಿಟ್ಟ ವಿಷಯ ಹೇಳಿ. ದಯವಿಟ್ಟು ಮುಂದೂಡಬೇಡಿ ಕಾಕಾ.

ಉತ್ತರ: ಗರಡಿ ಹುಡುಗ, ಜಮಖಂಡಿ

ನೀರಿನ ಮಾತು ನೂರಕ್ಕೆ ನೂರು ಖರೆ. ಕುಸ್ತಿಗೆ ತೂಕ ಹಾಕುವ ಮುಂಚೆ ಕೆಲವರು ದಪ್ಪ ಬಟ್ಟೆ ತೊಟ್ಟು ಓಡಿ ಬೆವರು ಸುರಿಸುತ್ತಾರೆ. ಕಾಟಾ ಮೇಲೆ ಕೆಜಿ ಕೆಜಿ ಇಳಿಯುತ್ತದೆ. ತೂಕ ಆದ ಮೇಲೆ ನೀರು ಕುಡಿದು ಉಂಡರೆ ಮರುದಿನ ಅಷ್ಟೂ ವಾಪಸ್. ಅಂಥದ್ದರಲ್ಲಿ ಸೊಂಟಕ್ಕೆ ಬೆವರಿನ ಬೆಲ್ಟ್ ಕಟ್ಟಿದರೆ ಹೊಟ್ಟೆ ಕರಗುತ್ತೆ ಅಂತ ಮಾರುತ್ತಾರಲ್ಲ, ತಗೋಬೇಡಿ ಅಕ್ಕಾ. ಬಿಸಿಲಲ್ಲಂತೂ ತಲೆ ಸುತ್ತಿ ಬೀಳುತ್ತೀರಿ. ನಮ್ಮ ವಸ್ತಾದರು ಹೊಟ್ಟೆ ಒಂದನ್ನೇ ಇಳಿಸೋಕೆ ಆಗಲ್ಲ, ಇಡೀ ಮೈ ಇಳಿದಾಗ ಅದೂ ಇಳಿಯುತ್ತದೆ ಅಂತಾರೆ. ಬೈಠಕ್ ಹೊಡೆಯಿರಿ, ತೊಡೆ ಗಟ್ಟಿಯಾಗುತ್ತದೆ.

ನವನಗರದ ಸೊಸೆ, ಬಾಗಲಕೋಟೆ

ಅಕ್ಕಾ, ರೊಟ್ಟಿ ಬಿಡಬೇಕಿಲ್ಲ ಅಂದಿದ್ದೇ ಅರ್ಧ ಭಾರ ಇಳಿದ ಹಾಗಾಯಿತು. ಗುಳಿಗೆ ಒಂದೇ ನುಂಗುತ್ತೇನೆ, ಶೇಕ್‌ನವರಿಗೆ ಬೇಡ ಅಂದೆ. ಇನ್ನೊಂದು ಕೇಳಲಾ? ಶ್ರಾವಣ ಸೋಮವಾರ ನಮ್ಮ ಮನೆಯಲ್ಲಿ ಎಲ್ಲರದೂ ಉಪವಾಸ. ಸಾಬೂದಾಣಿ ಖಿಚಡಿ ಮಾಡುತ್ತೇವೆ. ಆ ದಿನ ತೂಕ ಇಳಿಯೋಕೆ ಒಳ್ಳೆಯದು ಅಲ್ವಾ?

ಉತ್ತರ: ಡಯಟೀಷಿಯನ್ ಅಕ್ಕ, ವಿಜಯಪುರ

ಉಪವಾಸ ದೇವರಿಗೆ ಮಾಡಿ, ತೂಕಕ್ಕೆ ಅಂತ ಬೇಡ. ಸಾಬೂದಾಣಿ ಬಹುಪಾಲು ಬರೀ ಪಿಷ್ಟ. 100 ಗ್ರಾಂಗೆ 350 ಕ್ಯಾಲೊರಿ, ಪ್ರೋಟೀನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದಕ್ಕೆ ತುಪ್ಪ, ಶೇಂಗಾ ಪುಡಿ ಬಿದ್ದರೆ ದಿನದ ಊಟಕ್ಕಿಂತ ಜಾಸ್ತಿಯೇ ಆಗಿಬಿಡುತ್ತದೆ. ಖಿಚಡಿ ಒಂದೇ ಸಣ್ಣ ಬಟ್ಟಲು ಸಾಕು. ಜೊತೆಗೆ ಒಂದು ಬಟ್ಟಲು ಮೊಸರು, ಪೇರಲ ಹಣ್ಣು, ನಡುನಡುವೆ ಮಜ್ಜಿಗೆ.

ಉಳಿದ ದಿನ ಎರಡು ಹೊತ್ತೂ ತಟ್ಟೆಯಲ್ಲಿ ಹೆಸರುಕಾಳೋ ಮಡಕೆ ಕಾಳೋ ಇರಲಿ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಅನ್ನುವ, ದೇಹಕ್ಕೆ ಬೇಕೇಬೇಕಾದ ಒಂದು ಅಂಶ ಕಡಿಮೆ, ಅದನ್ನು ಕಾಳು ತುಂಬಿಕೊಡುತ್ತದೆ. ಅರ್ಧ ತಟ್ಟೆ ಪುಂಡಿ ಪಲ್ಯ, ಮೆಂತ್ಯ ಸೊಪ್ಪು, ಸೌತೆಕಾಯಿ, ಹಸಿ ಈರುಳ್ಳಿ. ಅದರ ಜೊತೆ ಒಂದೂವರೆ ಇಲ್ಲಾ ಎರಡು ರೊಟ್ಟಿ, ಮೆತ್ತನೆಯದೇ ಇರಲಿ. ಸಣ್ಣ ಮಗುವಿಗೆ ಇನ್ನೂ ಹಾಲು ಕುಡಿಸುತ್ತಿದ್ದೀರಾ? ಹಾಗಿದ್ದರೆ ಇಲ್ಲಿ ಬರೆಯಿರಿ, ರೊಟ್ಟಿಯ ಲೆಕ್ಕ ಬೇರೆ ಹೇಳುತ್ತೇನೆ.