ಐದಾರು ಜನ ಕುಣಿದರು, ಒಂದು ಕಲ್ಲು ತೇಲಿತು

ನಮ್ಮ ಮನೆ ಗುಂಪಿನಲ್ಲಿ ಹತ್ತೊಂಬತ್ತು ಜನ ಇದ್ದೇವೆ. ಬೆಳಿಗ್ಗೆ ಶುಭೋದಯ, ರಾತ್ರಿ ಶುಭರಾತ್ರಿ, ಮಧ್ಯೆ ಅಡಿಕೆ ರೇಟು. ಜಗಳ ಆಗುವುದು ಕಡಿಮೆ. ಹೋದ ಭಾನುವಾರ ಒಂದು ಸಿನಿಮಾ ವಿಷಯಕ್ಕೆ ಆಯಿತು. ತಪ್ಪು ನನ್ನದೇ ಅಂತ ಎಲ್ಲರೂ ಹೇಳುತ್ತಿದ್ದಾರೆ. ಅದಕ್ಕೇ ಮಾತುಕತೆಯನ್ನು ಇಲ್ಲಿ ಹಾಕಿದ್ದೇನೆ, ನೀವೇ ನೋಡಿ. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೆಯೇ ಇವೆ. ಗುಲಾಬಿ ಹೂವಿನ ಫಾರ್ವರ್ಡ್‌ಗಳನ್ನು ಮಾತ್ರ ತೆಗೆದಿದ್ದೇನೆ.

ಬೆಳಿಗ್ಗೆ 11:20

ಅತ್ತಿಗೆ: (ಫೋಟೋ. ಟಿವಿ ಮುಂದೆ ಇಬ್ಬರು ಮಕ್ಕಳು, ಪರದೆಯ ಮೇಲೆ ಬೋಳುತಲೆಯ ಹುಡುಗ, ಹಣೆಯಲ್ಲಿ ಬಾಣದ ಗುರುತು.)

ಅತ್ತಿಗೆ: ಮಕ್ಕಳ ಜೊತೆ ಕೂತು ನೋಡುವಂಥ ಸಿನಿಮಾ ಸಿಕ್ಕಿತು. ದಿ ಲಾಸ್ಟ್ ಏರ್‌ಬೆಂಡರ್. ಒಂದೂ ಕೆಟ್ಟ ಸೀನ್ ಇಲ್ಲ. ಎಲ್ಲರೂ ನೋಡಿ.

ಚಿಕ್ಕಮ್ಮ: ಮಕ್ಕಳು ಎಷ್ಟು ಉದ್ದ ಆಗಿದ್ದಾರೆ!

ನಾನು: ಅಯ್ಯೋ ಅತ್ತಿಗೆ, ಆಫ್ ಮಾಡಿ.

ತಮ್ಮ: ಹೌದು ಅತ್ತಿಗೆ, ಈಗಲೇ ಆಫ್ ಮಾಡಿ. ಮಕ್ಕಳು ಹಾಳಾಗುತ್ತಾರೆ.

ಅತ್ತಿಗೆ: ಯಾಕೆ? ಏನಿದೆ ಅದರಲ್ಲಿ?

ನಾನು: ಏನೂ ಇಲ್ಲ. ಅದೇ ತೊಂದರೆ. ಅದರ ಮೂಲ ಒಂದು ಕಾರ್ಟೂನ್ ಸರಣಿ. ಅವತಾರ್: ದಿ ಲಾಸ್ಟ್ ಏರ್‌ಬೆಂಡರ್. 2005ರಿಂದ 2008ರವರೆಗೆ ಬಂದಿದ್ದು, 61 ಎಪಿಸೋಡ್. ಅದನ್ನು ಹಾಕಿ. ಈ ಸಿನಿಮಾ ಅದರ ಹೆಣ.

ಅಣ್ಣ: ಭಾನುವಾರ ಬೆಳಿಗ್ಗೆ ಹೆಣದ ಮಾತು ಬೇಕಾ?

ಅತ್ತಿಗೆ: ಮಕ್ಕಳು ಒಂದು ಗಂಟೆಯಿಂದ ಅಲುಗಾಡದೆ ಕೂತಿದ್ದಾರೆ. ನನಗೆ ಅಷ್ಟು ಸಾಕು.

ತಮ್ಮ: ಸಾಕಾ 😂

(ಇದು ನಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಜೋಕು. ಸರಣಿಯಲ್ಲಿ ಒಬ್ಬ ಹುಡುಗನ ಹೆಸರು ಸಾಕಾ. ತಮ್ಮ ಪಿಯುಸಿ ಓದುವಾಗ ನಾವಿಬ್ಬರೂ ದಿನಾ ರಾತ್ರಿ ಅದನ್ನು ನೋಡುತ್ತಿದ್ದೆವು. ಅಮ್ಮ ಅನ್ನ ಬಡಿಸುತ್ತಾ "ಸಾಕಾ?" ಅಂದರೆ ತಮ್ಮ ಬಾಗಿಲ ಕಡೆ ತಿರುಗಿ "ಎಲ್ಲಿ?" ಅನ್ನುತ್ತಿದ್ದ. ಅಮ್ಮನಿಗೆ ಇವತ್ತಿಗೂ ಅರ್ಥ ಆಗಿಲ್ಲ. ಸಿನಿಮಾದವರು ಆ ಹೆಸರನ್ನು ಸೋಕಾ ಮಾಡಿದರು. ಅಲ್ಲಿಂದಲೇ ನಮಗೆ ಸಿಟ್ಟು.)

11:41

ಭಾವ: ಒಂದು ನಿಮಿಷ. ಈ ಸಿನಿಮಾ ಮಾಡಿದ್ದು ಮನೋಜ್ ನೈಟ್ ಶ್ಯಾಮಲನ್ ಅಲ್ವಾ? ಅವರು ಹುಟ್ಟಿದ್ದು ಮಾಹೆಯಲ್ಲಿ. ನಮ್ಮ ಮಂಗಳೂರಿನಿಂದ ಕೋಝಿಕ್ಕೋಡಿಗೆ ಹೋಗುವ ರೈಲು ಅಲ್ಲೇ ಹಾದು ಹೋಗುತ್ತದೆ. ನಮ್ಮ ಕಡೆಯವರನ್ನು ನಾವೇ ಬೈಯುವುದಾ?

ತಮ್ಮ: ಭಾವ, ಬೆಳೆದಿದ್ದು ಪೂರ್ತಿ ಅಮೆರಿಕದಲ್ಲಿ.

ಭಾವ: ಇನ್ನೊಂದು ಹೇಳುತ್ತೇನೆ ಕೇಳು. 150 ಮಿಲಿಯನ್ ಡಾಲರ್ ಹಾಕಿದರು, ಸುಮಾರು 320 ಮಿಲಿಯನ್ ಬಂತು. ಸೋತ ಸಿನಿಮಾ ಹೇಗೆ ಆಗುತ್ತದೆ?

ನಾನು: ಭಾವ, ಆ 320ರಲ್ಲಿ ನಮ್ಮ ದುಡ್ಡೂ ಇದೆ. 2010ರಲ್ಲಿ ನಾನು ತಮ್ಮ ಇಬ್ಬರೂ ಬೆಂಗಳೂರಿನಲ್ಲಿ ಬಸ್ ಬದಲಾಯಿಸಿ ಬದಲಾಯಿಸಿ ಹೋಗಿ ನೋಡಿದೆವು. ತ್ರೀಡಿ ಅಂತ ಜಾಸ್ತಿ ದುಡ್ಡು. ಶೂಟಿಂಗ್ ಆದಮೇಲೆ ಹಚ್ಚಿದ ತ್ರೀಡಿ ಅದು. ಕನ್ನಡಕ ಹಾಕಿದರೆ ಕತ್ತಲು, ತೆಗೆದರೆ ಮಸುಕು. ದುಡ್ಡು ಬಂತು ಅಂದರೆ ನಮ್ಮಂಥವರು ನಂಬಿ ಹೋದೆವು ಅಂತ ಅರ್ಥ. ಮೂರು ಸಿನಿಮಾ ಮಾಡುವ ಲೆಕ್ಕ ಇತ್ತು, ಎರಡನೆಯದು ಬರಲೇ ಇಲ್ಲ. ಕೆಟ್ಟ ಸಿನಿಮಾಗಳಿಗೆ ಕೊಡುವ ರಾಝಿ ಪ್ರಶಸ್ತಿ ಐದು ಬಂತು. ಅದರಲ್ಲಿ ಒಂದು ತ್ರೀಡಿ ಹಾಳು ಮಾಡಿದ್ದಕ್ಕೇ.

ಭಾವ: ಐದು ಪ್ರಶಸ್ತಿ ಅಂದರೆ ಕಮ್ಮಿ ಏನಲ್ಲ.

ನಾನು: ಭಾವ!

ತಮ್ಮ: (ವಿಡಿಯೋ)

ತಮ್ಮ: ಇದನ್ನು ನೋಡಿ. ಮಣ್ಣು ಕಲ್ಲು ಆಡಿಸುವ ಶಕ್ತಿ ಇರುವ ಜನ ಇವರು. ಐದಾರು ಜನ ಸೇರಿ ಕಾಲು ಕುಟ್ಟಿ, ಕೈ ಬೀಸಿ ಕುಣಿಯುತ್ತಾರೆ. ಕೊನೆಗೆ ಏನಾಗುತ್ತದೆ ನೋಡಿ.

ಚಿಕ್ಕಮ್ಮ: ಒಂದು ಕಲ್ಲು ಮೆಲ್ಲಗೆ ಹೋಯಿತು.

ತಮ್ಮ: ಅಷ್ಟೇ ಚಿಕ್ಕಮ್ಮ. ಕೈಯಲ್ಲಿ ಎತ್ತಿ ಎಸೆದಿದ್ದರೆ ಬೇಗ ಹೋಗುತ್ತಿತ್ತು.

ಚಿಕ್ಕಮ್ಮ: ತೋಟದಲ್ಲಿ ಮಂಗ ಓಡಿಸಲು ನಾನು ಇದಕ್ಕಿಂತ ಚೆನ್ನಾಗಿ ಹೊಡೆಯುತ್ತೇನೆ.

ನಾನು: ಆ ಜಾಗವನ್ನೇ ನೋಡಿ. ಅದು ಕೈದಿಗಳ ಶಿಬಿರ. ಸುತ್ತ ಗುಡ್ಡ, ಕಾಲ ಕೆಳಗೆ ಮಣ್ಣು. ಇಷ್ಟು ದಿನ ಸುಮ್ನೆ ಕೂತಿದ್ದಾರೆ. ಹೀರೋ ಹುಡುಗ ಬಂದು ನಿಮ್ಮ ಕಾಲ ಕೆಳಗೇ ಮಣ್ಣಿದೆಯಲ್ಲ ಅಂತ ನೆನಪಿಸಬೇಕು! ಬಾವಿಯಲ್ಲಿ ಕೂತು ಬಾಯಾರಿದ ಹಾಗೆ. ಸರಣಿಯಲ್ಲಿ ಅವರನ್ನು ಇಟ್ಟಿದ್ದು ಸಮುದ್ರದ ಮಧ್ಯೆ, ಪೂರ್ತಿ ಲೋಹದ ಸೆರೆಮನೆಯಲ್ಲಿ. ಹಿಡಿ ಮಣ್ಣೂ ಸಿಗದ ಕಡೆ. ಅದಕ್ಕೇ ಅವರು ಕೈಚೆಲ್ಲಿದ್ದರು. ಕತಾರಾ ಅನ್ನುವ ಹುಡುಗಿ ಬೇಕಂತಲೇ ಸಿಕ್ಕಿಬಿದ್ದು ಒಳಗೆ ಹೋಗುತ್ತಾಳೆ. ಭಾಷಣ ಮಾಡುತ್ತಾಳೆ. ಒಬ್ಬರೂ ಏಳುವುದಿಲ್ಲ. ಆಮೇಲೆ ಅಲ್ಲಿನ ಒಲೆಗೆ ಹಾಕುವ ಕಲ್ಲಿದ್ದಲನ್ನು ಗಾಳಿಕೊಳವೆಯಿಂದ ಮೇಲೆ ತರುತ್ತಾರೆ. ಕಲ್ಲಿದ್ದಲೂ ನೆಲದ್ದೇ ಅಲ್ವಾ? ಆ ರಾಶಿ ಮುಂದೆ ಬಿದ್ದಮೇಲೂ ಅವರು ಅಂಜುತ್ತಾ ನಿಂತಿರುತ್ತಾರೆ. ನನಗೆ ಈಗಲೂ ಅದು ಕಣ್ಣಿಗೆ ಕಟ್ಟಿದ ಹಾಗಿದೆ.

ಭಾವ: ಬೆಂಕಿ ಆಡಿಸುವವರಿಗೆ ಪಕ್ಕದಲ್ಲಿ ಬೆಂಕಿ ಇದ್ದರೆ ಮಾತ್ರ ಆಡಿಸಲು ಆಗುತ್ತದೆ ಅಂತ ಸಿನಿಮಾದಲ್ಲಿ ಮಾಡಿದ್ದಾರಲ್ಲ, ಅದು ಒಳ್ಳೆ ಐಡಿಯಾ. ಶೂನ್ಯದಿಂದ ಬೆಂಕಿ ಹೇಗೆ ಬರುತ್ತದೆ?

ತಮ್ಮ: ಕರೆಂಟ್ ಇಲ್ಲದ ಪಂಪ್‌ಸೆಟ್ ಥರ ನಿಂತಿರುತ್ತಾರೆ ಭಾವ. ಅವರನ್ನು ನೋಡಿ ಪ್ರಪಂಚ ಹೆದರುವುದು ಹೇಗೆ?

12:15

ದೊಡ್ಡಪ್ಪ: ಅವತಾರ ಎಂಬ ಶಬ್ದ ನೋಡಿ ಬಂದೆ. ಏನು ವಿಷಯ?

(ದೊಡ್ಡಪ್ಪ ಸಾಗರದ ಹತ್ತಿರ ಇರುತ್ತಾರೆ. ಮೂವತ್ತು ವರ್ಷ ಕನ್ನಡ ಮೇಷ್ಟ್ರು. ಅವರು ಟೈಪ್ ಮಾಡುತ್ತಿದ್ದಾರೆ ಅಂತ ಮೇಲೆ ಕಂಡರೆ ಎಲ್ಲರೂ ಸುಮ್ಮನಾಗುತ್ತಾರೆ.)

ತಮ್ಮ: ಕಾರ್ಟೂನ್ ದೊಡ್ಡಪ್ಪ. ನೀರು, ಮಣ್ಣು, ಬೆಂಕಿ, ಗಾಳಿ ಅಂತ ನಾಲ್ಕು ಜನಾಂಗ. ನಾಲ್ಕನ್ನೂ ಆಡಿಸಬಲ್ಲವನು ಅವತಾರ್. ಸತ್ತರೆ ಇನ್ನೊಂದು ಜನಾಂಗದಲ್ಲಿ ಮತ್ತೆ ಹುಟ್ಟುತ್ತಾನೆ.

ದೊಡ್ಡಪ್ಪ: ಆಕಾಶ ಎಲ್ಲಿ ಹೋಯಿತು? ಪಂಚಭೂತ ಐದು.

ತಮ್ಮ: ಮಾಡಿದವರು ಅಮೆರಿಕದವರು ದೊಡ್ಡಪ್ಪ. ಮೈಕೆಲ್ ಡಿಮಾರ್ಟಿನೋ, ಬ್ರಯಾನ್ ಕೊನಿಯೆಟ್ಜ್‌ಕೋ ಅಂತ ಇಬ್ಬರು.

ಭಾವ: ದೊಡ್ಡಪ್ಪ, ನೀವೇ ತೀರ್ಪು ಕೊಡಿ. ಕಾರ್ಟೂನಿನಲ್ಲಿ ಆ್ಯವಟಾರ್ ಅನ್ನುತ್ತಾರೆ. ಶ್ಯಾಮಲನ್ ಸಿನಿಮಾದಲ್ಲಿ ಆವತಾರ್ ಅಂತ ನಮ್ಮ ಹತ್ತಿರಕ್ಕೆ ತಂದಿದ್ದಾರೆ. ಯಾವುದು ಸರಿ?

ದೊಡ್ಡಪ್ಪ: ಎರಡನೆಯದು ವಾಸಿ. ಮಾತು ನೆಟ್ಟಗಿರಬೇಕು.

ನಾನು: ದೊಡ್ಡಪ್ಪ, ಆ ಒಂದು ಮಾತು ಒಪ್ಪಿದೆ. ಆದರೆ ಇದನ್ನೂ ಕೇಳಿ. ಸರಣಿಯಲ್ಲಿ ಎಲ್ಲರೂ ಏಷ್ಯಾದ ಜನರ ಹಾಗೆ, ಹಿಮದ ನಾಡಿನ ಇನುಇಟ್ ಜನರ ಹಾಗೆ ಇದ್ದಾರೆ. ಸಿನಿಮಾದಲ್ಲಿ ಹೀರೋಗಳು ಮೂವರೂ ಬಿಳಿಯರು. ದಾಳಿ ಮಾಡುವ ಬೆಂಕಿ ರಾಜ್ಯಕ್ಕೆ ಮಾತ್ರ ದೇವ್ ಪಟೇಲ್, ಆಸಿಫ್ ಮಾಂಡ್ವಿ. ಹೆಸರು ನಮ್ಮ ಥರ ಹೇಳಿದರು, ನಮ್ಮ ಮುಖ ಇರುವವರನ್ನು ವಿಲನ್ ಮಾಡಿದರು. ಸಿನಿಮಾ ಬರುವ ಮುಂಚೆಯೇ ಅಭಿಮಾನಿಗಳು ಇದಕ್ಕೆ ಗಲಾಟೆ ಮಾಡಿದ್ದರು.

ದೊಡ್ಡಪ್ಪ: ಹ್ಮ್.

ತಮ್ಮ: ದೊಡ್ಡಪ್ಪ, ಸರಣಿಯಲ್ಲಿ ಒಬ್ಬ ಗುರು ಪಥಿಕ್ ಬರುತ್ತಾನೆ. ಹುಡುಗನಿಗೆ ಏಳು ಚಕ್ರಗಳ ಬಗ್ಗೆ ಪಾಠ ಮಾಡುತ್ತಾನೆ. ನಿಮಗೆ ಖಂಡಿತ ಹಿಡಿಸುತ್ತದೆ. ಕುಡಿಯಲು ಈರುಳ್ಳಿ ಬಾಳೆಹಣ್ಣಿನ ಜ್ಯೂಸ್ ಕೊಡುತ್ತಾನೆ.

(ಇದನ್ನು ಯಾಕೆ ಹೇಳಿದನೋ. ಗೆಲ್ಲುವ ಹೊತ್ತಿನಲ್ಲಿ.)

ದೊಡ್ಡಪ್ಪ: ಈರುಳ್ಳಿ? ಚಕ್ರ ಧ್ಯಾನ ಮಾಡಿಸುವ ಗುರು ಈರುಳ್ಳಿ ಕುಡಿಸುತ್ತಾನಾ? ಸಾಧನೆ ಮಾಡುವವರು ಮೊದಲು ಬಿಡುವುದೇ ಅದನ್ನು. ಈ ಸರಣಿ ಮಾಡಿದವರಿಗೆ ಏನೂ ತಿಳಿಯದು.

ಚಿಕ್ಕಮ್ಮ: ಬಾಳೆಹಣ್ಣಿನ ಸಾಸಿವೆ ಮಾಡುತ್ತೇವೆ. ಈರುಳ್ಳಿ ಸಾಸಿವೆಯೂ ಮಾಡುತ್ತೇವೆ. ಎರಡನ್ನೂ ಸೇರಿಸಿ ಯಾರೂ ಮಾಡಿಲ್ಲ.

ಅಣ್ಣ: ಮಾಡಬೇಡಿ ಚಿಕ್ಕಮ್ಮ.

12:38

ಅತ್ತಿಗೆ: ಮಗಳು ಕೇಳುತ್ತಿದ್ದಾಳೆ, ಅಪ್ಪ ಯಾಕೆ ಜಾಸ್ತಿ ಬರುವುದಿಲ್ಲ ಅಂತ.

ಅಣ್ಣ: ನಾನು ಆಫೀಸ್ ಕೆಲಸ ಮಾಡುತ್ತಿದ್ದೇನೆ, ಪಕ್ಕದ ರೂಮಿನಲ್ಲೇ ಇದ್ದೇನೆ!

ಅತ್ತಿಗೆ: ನಿಮ್ಮನ್ನಲ್ಲ. ಆ ಹಾರುವ ಪ್ರಾಣಿಯ ಹೆಸರು ಅಪ್ಪ.

ತಮ್ಮ: ಆರು ಕಾಲಿನ ಹಾರುವ ಕಾಟಿ 😍

ಚಿಕ್ಕಮ್ಮ: ಹೋದ ವಾರ ನಮ್ಮ ತೋಟಕ್ಕೂ ಕಾಟಿ ಬಂದಿತ್ತು. ನಾಲ್ಕೇ ಕಾಲು.

ನಾನು: ನೋಡಿ, ಏಳು ವರ್ಷದ ಮಗುವಿಗೂ ಗೊತ್ತಾಯಿತು! ಸಿನಿಮಾದಲ್ಲಿ ಅಪ್ಪ ಬರೀ ವಾಹನ. ಸರಣಿಯಲ್ಲಿ ಅಪ್ಪ ಕಳೆದುಹೋದರೆ ಒಂದು ಇಡೀ ಎಪಿಸೋಡ್ ಅವನ ಕಣ್ಣಿನಿಂದಲೇ ಹೋಗುತ್ತದೆ.

ಅತ್ತಿಗೆ: ಒಂದು ಮಾತು ಹೇಳಲಾ? ನೀವಿಬ್ಬರೂ ಮೊದಲೇ ನೋಡಿದ್ದನ್ನು ತಲೆಯಲ್ಲಿ ಇಟ್ಟುಕೊಂಡು ಅಳೆಯುತ್ತಿದ್ದೀರಿ. ಇವರು ಏನೂ ಗೊತ್ತಿಲ್ಲದೆ ನೋಡುತ್ತಿದ್ದಾರೆ. ನೀರು ಮೇಲೆದ್ದಿತು, ಕೈ ತಟ್ಟಿದರು. ಅದರಲ್ಲಿ ಏನು ತಪ್ಪು?

ಭಾವ: ಸರಿಯಾಗಿ ಹೇಳಿದೆ. ಶ್ಯಾಮಲನ್ ಈ ಸರಣಿ ನೋಡಿದ್ದೂ ಮಗಳಿಂದಲೇ. ಹ್ಯಾಲೋವೀನ್‌ಗೆ ಕತಾರಾ ವೇಷ ಹಾಕುತ್ತೇನೆ ಅಂದಳಂತೆ. ಮಕ್ಕಳಿಗಾಗಿ ಮಾಡಿದ ಸಿನಿಮಾ, ಮಕ್ಕಳಿಗೆ ಇಷ್ಟ ಆಯಿತು. ಮುಗಿಯಿತು.

ನಾನು: ಮುಗಿದಿಲ್ಲ ಭಾವ. ಸರಣಿಯ ಮೊದಲ ಭಾಗವೇ 20 ಎಪಿಸೋಡ್, ಒಂದೊಂದು ಸುಮಾರು 23 ನಿಮಿಷ. ಏಳೂವರೆ ಗಂಟೆಯ ಕಥೆಯನ್ನು 103 ನಿಮಿಷಕ್ಕೆ ತುರುಕಿದರು. ಕಥೆ ಬಿಡುವ ಹಾಗಿಲ್ಲ. ಹಾಗಾಗಿ ಆಟ ಬಿಟ್ಟರು, ತಮಾಷೆ ಬಿಟ್ಟರು. ಸರಣಿಯಲ್ಲಿ ಹುಡುಗ ನೂರು ವರ್ಷ ಮಂಜುಗಡ್ಡೆಯೊಳಗೆ ಇದ್ದು ಕಣ್ಣು ಬಿಡುತ್ತಾನೆ. ಎದುರಿಗಿದ್ದ ಹುಡುಗಿಗೆ ಮೊದಲು ಏನು ಕೇಳುತ್ತಾನೆ ಗೊತ್ತಾ? ಪೆಂಗ್ವಿನ್ ಮೇಲೆ ಕೂತು ಜಾರೋಣ ಬರುತ್ತೀಯಾ ಅಂತ! ಹನ್ನೆರಡು ವರ್ಷದವನು. ಆಡಬೇಕು ಅಷ್ಟೇ. ಎರಡು ಎಪಿಸೋಡ್ ಅವನ ಜೊತೆ ನಾವೂ ಆಡುತ್ತೇವೆ. ಮೂರನೆಯದರಲ್ಲಿ ಅವನು ತನ್ನ ಮಠಕ್ಕೆ ವಾಪಸ್ ಹೋದರೆ ಅಲ್ಲಿ ಯಾರೂ ಇಲ್ಲ. ಸಾಕಿದ ಗುರುವಿನ ಅಸ್ಥಿಪಂಜರ ಸಿಗುತ್ತದೆ. ಅವನ ಇಡೀ ಜನಾಂಗವನ್ನೇ ಕೊಂದಿದ್ದಾರೆ. ಸಿನಿಮಾದಲ್ಲೂ ಗುರುವಿನ ಎಲುಬು ಸಿಗುತ್ತದೆ. ಆದರೆ ಹುಡುಗ ಅದಕ್ಕೂ ಮೊದಲು ಸರಿಯಾಗಿ ನಕ್ಕೇ ಇರುವುದಿಲ್ಲ. ಹಾಗಾಗಿ ಅತ್ತರೂ ನಮಗೆ ಏನೂ ಅನಿಸುವುದಿಲ್ಲ. ಸಾಕಾ ಅಂತೂ ಸರಣಿಯಲ್ಲಿ ಬಾಯಿ ಮುಚ್ಚುವುದಿಲ್ಲ. ಪ್ರತಿ ಕಷ್ಟದಲ್ಲೂ ಒಂದು ಹಾಳು ಜೋಕು. ಸಿನಿಮಾದಲ್ಲಿ ಸೋಕಾ ಆಗಿ ಮುಖ ಗಂಟು ಹಾಕಿಕೊಂಡು ತಿರುಗುತ್ತಾನೆ. ಸಂಗೀತ ಚೆನ್ನಾಗಿದೆ, ಒಪ್ಪುತ್ತೇನೆ. ಅದು ಬಿಟ್ಟರೆ ಎಲ್ಲರೂ ಸಾಲಾಗಿ ನಿಂತು ಮುಂದೇನಾಗುತ್ತದೆ ಅಂತ ಬಾಯಲ್ಲಿ ಹೇಳುತ್ತಾರೆ.

(ಐದು ನಿಮಿಷ ಯಾರೂ ಏನೂ ಬರೆಯಲಿಲ್ಲ. ಮತ್ತೆ ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ ಅಂತ ಕಂಡಿತು.)

ದೊಡ್ಡಪ್ಪ: ಪುಟ್ಟಿ, ಈ ಸಾಕಾ ಎಂಬವನು ಹಾಸ್ಯಗಾರನೋ?

ನಾನು: ಹೌದು ದೊಡ್ಡಪ್ಪ.

ದೊಡ್ಡಪ್ಪ: ಹಾಸ್ಯಗಾರ ಇಲ್ಲದೆ ಆಟ ಆಡಿದರೋ?

ನಾನು: ಹೌದು.

ದೊಡ್ಡಪ್ಪ: ಹಾಗಾದರೆ ಕಳೆಗಟ್ಟುವುದಿಲ್ಲ. ಯಕ್ಷಗಾನದಲ್ಲಿ ರಾತ್ರಿ ಪೂರಾ ರಾಜನೇ ಕುಣಿದರೆ ಜನ ಎರಡು ಗಂಟೆಗೆ ಎದ್ದು ಹೋಗುತ್ತಾರೆ. ಈರುಳ್ಳಿ ವಿಷಯದಲ್ಲಿ ಮಾತ್ರ ನನ್ನ ಮಾತು ಹಾಗೇ ಇದೆ.

ತಮ್ಮ: 🙏🙏🙏

ಭಾವ: ಅಂಪೈರ್ ಪಾರ್ಟಿ ಬದಲಾಯಿಸಿದರು.

1:05

ಅಮ್ಮ: ಸಾಕಾ? ಎಲ್ಲರೂ ಊಟ ಮಾಡಿ.

ತಮ್ಮ: ಎಲ್ಲಿ?

ಅಮ್ಮ: ಏನು ಎಲ್ಲಿ? ಮನೆಯಲ್ಲಿ.

(ಇದೇ ಹೊತ್ತಿಗೆ ಅಣ್ಣನಿಂದ ನನಗೆ ಬೇರೆ ಮೆಸೇಜ್ ಬಂತು. ಅತ್ತಿಗೆ ಟಿವಿ ಆಫ್ ಮಾಡಿ ಅಡುಗೆಮನೆಗೆ ಹೋಗಿದ್ದಾಳೆ. ಅವಳು ಗುಂಪಿನಲ್ಲಿ ವರ್ಷಕ್ಕೆ ಒಂದು ಸಲ ಏನಾದರೂ ಹಾಕುವುದು, ಅದಕ್ಕೆ ನೀನು ಮೊದಲನೇ ಮಾತೇ ಆಫ್ ಮಾಡಿ ಅಂದೆ, ಅಂತ. ನಾನು ಮೇಲೆ ಹೋಗಿ ಮತ್ತೆ ಓದಿದೆ. ಹೌದು, ಹಾಗೇ ಇತ್ತು. ಎದುರಿಗೆ ಇದ್ದಿದ್ದರೆ ನಗುತ್ತಾ ಹೇಳುತ್ತಿದ್ದೆ. ಫೋನಿನಲ್ಲಿ ಆ ನಗು ಹೋಗಿರಲಿಲ್ಲ. ಒಂದು ಎಮೋಜಿಯಾದರೂ ಹಾಕಬೇಕಿತ್ತು.)

ನಾನು: ಅತ್ತಿಗೆ, ಸಾರಿ. ಸಿನಿಮಾ ಮೇಲಿನ ಸಿಟ್ಟು, ನಿಮ್ಮ ಮೇಲಲ್ಲ. ಮಕ್ಕಳಿಗೆ ಪೂರ್ತಿ ನೋಡಲು ಬಿಡಿ.

ಅತ್ತಿಗೆ: ಪರವಾಗಿಲ್ಲ. ಆ ಕಾರ್ಟೂನ್ ಎಲ್ಲಿ ಸಿಗುತ್ತದೆ?

ತಮ್ಮ: ಲಿಂಕ್ ಕಳಿಸಿದ್ದೇನೆ ಅತ್ತಿಗೆ. ಹುಷಾರು, 2024ರಲ್ಲಿ ನಟರನ್ನು ಹಾಕಿ ಇನ್ನೊಂದು ಸರಣಿ ಮಾಡಿದ್ದಾರೆ. ಅದಲ್ಲ. ಚಿತ್ರ ಬಿಡಿಸಿರುವುದೇ ಬೇಕು.

ಸಂಜೆ 7:50

ಅತ್ತಿಗೆ: ಮಕ್ಕಳು ಎರಡು ಎಪಿಸೋಡ್ ನೋಡಿದರು. ಮಗನಿಗೆ ಸಿನಿಮಾನೇ ಇಷ್ಟ ಅಂತೆ. ಅದರಲ್ಲಿ ಹಣೆಯ ಬಾಣಕ್ಕೆ ಡಿಸೈನ್ ಇದೆ, ಕಾರ್ಟೂನಿನಲ್ಲಿ ಬರೀ ನೀಲಿ ಬಣ್ಣ ಬಳಿದಿದ್ದಾರೆ ಅಂದ.

ಭಾವ: 😎

ನಾನು: ಸರಿ.

(ಸರಿ ಅಂತ ಟೈಪ್ ಮಾಡಲು ನನಗೆ ಎಷ್ಟು ಕಷ್ಟ ಆಯಿತು ಅಂತ ತಮ್ಮನಿಗೆ ಮಾತ್ರ ಗೊತ್ತು.)

ರಾತ್ರಿ 10:45

ಅತ್ತಿಗೆ: ಮಕ್ಕಳು ಮಲಗಿದರು. ನಾನು ಸುಮ್ನೆ ಮುಂದುವರಿಸಿದೆ. ಐದನೆಯದು ಆಯಿತು. ಅದರಲ್ಲಿ ಒಬ್ಬ ಎಲೆಕೋಸು ಮಾರುವವನು ಇದ್ದಾನಲ್ಲ, ಪಾಪ, ಇವರು ಜಾರಿಕೊಂಡು ಹೋಗಿ ಗಾಡಿ ಪೂರ್ತಿ ಒಡೆದು ಹಾಕಿದರು. ಆಮೇಲೆ ಅವನಿಗೆ ಯಾರಾದರೂ ದುಡ್ಡು ಕೊಟ್ಟರಾ?

ತಮ್ಮ: ಇಲ್ಲ ಅತ್ತಿಗೆ.

ಅತ್ತಿಗೆ: ಕೊನೆಯವರೆಗೂ?

ನಾನು: ಕೊನೆಯವರೆಗೂ. ಇನ್ನೂ ಒಡೆಯುತ್ತಾರೆ.

ಅತ್ತಿಗೆ: ಮತ್ತೆ ಅವತಾರ ಪುರುಷ ಅಂತೆ.